ಬೈಡನ್ ಬಂದರು, ಟ್ರಂಪ್ ಬಂದ

ಮಾನ್ಯ ಮೇಷ್ಟ್ರೇ,

ಮಂಡ್ಯದಿಂದ ತಾವು ಬರೆದ ಎರಡು ಹಾಳೆಯ ಪತ್ರ ಕೈಸೇರಿದೆ. ಅದರೊಂದಿಗೆ ನಮ್ಮ ಪತ್ರಿಕೆಯಿಂದಲೇ ಕತ್ತರಿಸಿ, ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದ ನಾಲ್ಕು ಪುಟಗಳೂ ಬಂದಿವೆ. 2025ರ ಜನವರಿ 20ರಂದು ವಾಷಿಂಗ್ಟನ್ನಿನಲ್ಲಿ ನಡೆದ ಡೊನಾಲ್ಡ್ ಟ್ರಂಪ್ ಅವರ ಪದಗ್ರಹಣದ ಬಗ್ಗೆ ನಾವು ಬರೆದದ್ದು ಏಕಪಕ್ಷೀಯ ಎಂಬುದು ತಮ್ಮ ದೂರು. "ಅಂದು ರಾತ್ರಿ ಹತ್ತೂವರೆಗೆ ಟಿವಿ ಮುಂದೆ ಕುಳಿತೆ. ಒಂದು ಚಾನೆಲ್ ಹಾಡಿ ಹೊಗಳಿತು, ಉಳಿದವು ಗೇಲಿ ಮಾಡಿದವು. ಪತ್ರಿಕೆಯಾದರೂ ಸಮಾಧಾನದಿಂದ ಬರೆದೀತು ಎಂದು ಕಾದೆ. ನೀವೂ ಅವರ ಸಾಲಿಗೇ ಸೇರಿದಿರಿ" ಎಂದು ಬರೆದಿದ್ದೀರಿ. ಪಾಕ್ಷಿಕ ನಡೆಸುವವನಿಗೆ ಇದಕ್ಕಿಂತ ನೋವಿನ ಮಾತಿಲ್ಲ. ದಿನಪತ್ರಿಕೆಯವರಿಗೆ ಅಚ್ಚಿನ ವೇಳೆ ಮೀರುವ ಧಾವಂತವಿರುತ್ತದೆ. ನಮಗೆ ದಿನಗಟ್ಟಲೆ ಸಮಯವಿತ್ತು.

ತಾವು ತಿದ್ದಿದ ಪುಟಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಮೊದಲ ಪುಟದಲ್ಲೇ ಎರಡು ಕ್ರಿಯಾಪದಗಳ ಕೆಳಗೆ ಗೆರೆ ಎಳೆದಿದ್ದೀರಿ. "ಬೈಡನ್ ಬಂದರು", ಅದರ ಮರುಸಾಲಿನಲ್ಲಿ "ಟ್ರಂಪ್ ಬಂದ". ಮುಂದೆಯೂ ಹಾಗೆಯೇ: ಒಬ್ಬರು ಕೈಕುಲುಕಿದರು, ಇನ್ನೊಬ್ಬ ಗುಡುಗಿದ. ಅಂಚಿನಲ್ಲಿ ತಾವು ಬರೆದದ್ದು ಎರಡೇ ಪದ: "ವಚನ ದೋಷ".

ಮೇಷ್ಟ್ರೇ, ಇದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ. ನಮಗೆ ವಾಷಿಂಗ್ಟನ್ನಿನಲ್ಲಿ ವರದಿಗಾರರಿಲ್ಲ. ಸುದ್ದಿಸಂಸ್ಥೆಗಳು ಇಂಗ್ಲಿಷಿನಲ್ಲಿ ಕಳಿಸಿದ್ದನ್ನೇ ಆರಿಸಿ, ಅನುವಾದಿಸಿ, ಜೋಡಿಸಿ ಬರೆಯುತ್ತೇವೆ. ಹೀಗಾಗಿ ಪಕ್ಷಪಾತವೇನಾದರೂ ಇದ್ದರೆ ಅದು ಅಲ್ಲಿಂದಲೇ ಬಂದದ್ದು ಎಂದು ಹೇಳಿಕೊಳ್ಳುವುದು ಸುಲಭ. ಆದರೆ ಇಂಗ್ಲಿಷಿನಲ್ಲಿ ಬೈಡನ್ನರಿಗೂ ಟ್ರಂಪ್ ಅವರಿಗೂ ಇರುವುದು ಒಂದೇ ಸರ್ವನಾಮ, ಒಂದೇ ಕ್ರಿಯಾರೂಪ. ಒಬ್ಬರನ್ನು "ಅವರು" ಮಾಡಿ ಇನ್ನೊಬ್ಬರನ್ನು "ಆತ" ಮಾಡಿದ್ದು ಮೈಸೂರಿನ ನಮ್ಮ ಕಚೇರಿಯಲ್ಲಿ, ನನ್ನ ಕಣ್ಣೆದುರಿಗೆ. ಕರಡು ತಿದ್ದಿದವನು ನಾನೇ. ಬೈಗುಳ ಬರೆದಿದ್ದರೆ ಹೊಡೆದುಹಾಕುತ್ತಿದ್ದೆ. ಒಂದು "ರು" ಬಿಟ್ಟುಹೋದದ್ದು ಮಾತ್ರ ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ನನ್ನ ಮನಸ್ಸಿನಲ್ಲೂ ಅದು ಆಗಲೇ ಬಿಟ್ಟುಹೋಗಿತ್ತು. ಕ್ಷಮೆ ಕೇಳುತ್ತೇನೆ.

ಚಿತ್ರದ ವಿಷಯವೂ ಅಷ್ಟೇ. ಪ್ರಮಾಣವಚನದ ಹಲವು ಚಿತ್ರಗಳು ನಮ್ಮ ಮುಂದಿದ್ದವು. ಮುಖಪುಟಕ್ಕೆ ಆರಿಸಿದ್ದು ಟ್ರಂಪ್ ಅವರ ಪತ್ನಿಯ ಅಗಲ ಅಂಚಿನ ಟೋಪಿ ಅಡ್ಡಬಂದು ಮುತ್ತು ಗಾಳಿಯಲ್ಲೇ ಉಳಿದ ಚಿತ್ರವನ್ನು. ಕೊರೆಯುವ ಚಳಿಯಿಂದಾಗಿ ಸಮಾರಂಭವನ್ನು ಅಲ್ಲಿನ ಸಂಸತ್ತು ಕೂರುವ ಕ್ಯಾಪಿಟಲ್ ಭವನದ ಗುಮ್ಮಟದಡಿಗೆ ಸ್ಥಳಾಂತರಿಸಿದ್ದನ್ನು ಜನ ಬಾರದ ಭಯಕ್ಕೆ ಎನ್ನುವ ಧಾಟಿಯಲ್ಲಿ ಬರೆದೆವು. 1985ರಲ್ಲಿ ರೇಗನ್ ಅವರ ಎರಡನೆಯ ಪದಗ್ರಹಣವೂ ಚಳಿಗಾಗಿಯೇ ಅದೇ ಗುಮ್ಮಟದಡಿ ನಡೆದಿತ್ತು. ಆ ಒಂದು ವಾಕ್ಯ ಸೇರಿಸಿದ್ದರೆ ಗೇಲಿಗೆ ಅವಕಾಶವೇ ಇರುತ್ತಿರಲಿಲ್ಲ. ಅದಕ್ಕೇ ಸೇರಿಸಲಿಲ್ಲವೋ ಏನೋ.

ಎಲ್ಲಕ್ಕಿಂತ ದೊಡ್ಡ ಲೋಪ, ಟ್ರಂಪ್ ಅವರಿಗೆ ಮತ ಹಾಕಿದವರು ನಮ್ಮ ನಾಲ್ಕೂ ಪುಟಗಳಲ್ಲಿ ಎಲ್ಲೂ ಇಲ್ಲದ್ದು. 7 ಕೋಟಿ 70 ಲಕ್ಷಕ್ಕೂ ಹೆಚ್ಚು ಜನ ಅವರನ್ನು ಆರಿಸಿದರು. ತೀವ್ರ ಪೈಪೋಟಿಯಿದ್ದ ಏಳೂ ರಾಜ್ಯಗಳು ಅವರ ಪಾಲಾದವು. ದಿನಸಿಯ ಬೆಲೆ, ಮನೆ ಬಾಡಿಗೆ, ಗಡಿ ದಾಟಿ ಬರುವ ವಲಸೆ ಅಲ್ಲಿನವರನ್ನು ಕಾಡಿದ್ದವು. ಬೆಲೆ ಏರಿದಾಗ ಆಳುವವರ ಮೇಲೆ ಸಿಟ್ಟಾಗುವುದು ದೇವರಾಜ ಮಾರುಕಟ್ಟೆಯಲ್ಲಿ ಚೀಲ ಹಿಡಿದು ನಿಂತವರಿಗೆ ಅರ್ಥವಾಗದ ಸಂಗತಿಯೇನಲ್ಲ. ಅದನ್ನು ಬಿಟ್ಟು ಮತದಾರರು ಮರುಳಾದರು ಎಂದು ಒಂದೇ ಸಾಲಿನಲ್ಲಿ ಮುಗಿಸಿದೆವು. ಹಾಗೆಂದು ಇಡೀ ಅಮೆರಿಕ ಅವರ ಹಿಂದಿತ್ತು ಎಂಬ ತಮ್ಮ ಮಾತನ್ನು ಒಪ್ಪಲಾರೆ. ಅವರಿಗೆ ಬಿದ್ದದ್ದು ಶೇ. 49.8 ಮತ, ಕಮಲಾ ಹ್ಯಾರಿಸ್ ಅವರಿಗೆ ಶೇ. 48.3.

ಇನ್ನು ಕ್ಷಮಾದಾನದ ಮಾತು. ಇಲ್ಲಿ ನಾವಿಬ್ಬರೂ ಸ್ವಲ್ಪ ಜಗಳ ಆಡಬೇಕಾಗಿದೆ. 2021ರ ಜನವರಿ 6ರಂದು ಟ್ರಂಪ್ ಬೆಂಬಲಿಗರು ಕ್ಯಾಪಿಟಲ್ ಭವನಕ್ಕೆ ನುಗ್ಗಿದ ಪ್ರಕರಣದ ಸುಮಾರು 1,500 ಮಂದಿಗೆ ಹೊಸ ಅಧ್ಯಕ್ಷರು ಅಂದೇ ಕ್ಷಮಾದಾನ ನೀಡಿದರು. ಶುಭಕಾರ್ಯದ ದಿನ ಅದನ್ನೇ ದೊಡ್ಡದು ಮಾಡಬೇಕಿತ್ತೇ ಎಂದು ಕೇಳಿದ್ದೀರಿ. ಮಾಡಬೇಕಿತ್ತು, ಮೇಷ್ಟ್ರೇ. ದಾಳಿಯ ದಿನ ಗುಂಪು ನುಗ್ಗಿದ್ದ ಅದೇ ಗುಮ್ಮಟದಡಿ ಪ್ರಮಾಣವಚನ ಸ್ವೀಕರಿಸಿ, ಅಂದೇ ಸಹಿ ಹಾಕಿದ ಆದೇಶ ಅದು. ಪೊಲೀಸರ ಮೇಲೆ ಕೈಮಾಡಿದವರೂ ಆ ಪಟ್ಟಿಯಲ್ಲಿದ್ದರು. ಸಂಭ್ರಮದ ದಿನವೆಂದು ಅದನ್ನು ಒಳಪುಟಕ್ಕೆ ತಳ್ಳಿದ್ದರೆ ಅದೂ ಪಕ್ಷಪಾತವೇ ಆಗುತ್ತಿತ್ತು.

ಆದರೆ ತಾವು ಅದರ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಕೇಳಿದ "ಬೈಡನ್ನರದು ಎಲ್ಲಿ?" ಎಂಬ ಪ್ರಶ್ನೆಗೆ ತಲೆಬಾಗುತ್ತೇನೆ. ಅಧಿಕಾರ ಬಿಡುವ ಕೊನೆಯ ನಿಮಿಷಗಳಲ್ಲಿ ಬೈಡನ್ ತಮ್ಮ ಒಡಹುಟ್ಟಿದವರಿಗೂ ಅವರ ಬಾಳಸಂಗಾತಿಗಳಿಗೂ, ಯಾವ ಮೊಕದ್ದಮೆಯೂ ಇಲ್ಲದಿರುವಾಗಲೇ, ಮುಂಗಡ ಕ್ಷಮಾದಾನ ನೀಡಿದ್ದರು. ಆ ಸುದ್ದಿ ನಮ್ಮ ಬಳಿ ಇತ್ತು. ಪುಟದಲ್ಲಿ ಜಾಗವಿರಲಿಲ್ಲ ಎಂದು ಕೈಬಿಟ್ಟೆವು. ಟೋಪಿಯ ಚಿತ್ರಕ್ಕೆ ಮಾತ್ರ ಜಾಗವಿತ್ತು.

ತಮ್ಮ ಪತ್ರ ಬರುವ ಮೊದಲೇ ಕುವೆಂಪುನಗರದ ತಾಯಿಯೊಬ್ಬರು ಕಚೇರಿಗೆ ಫೋನ್ ಮಾಡಿದ್ದರು. ಮಗ, ಸೊಸೆ ಇಬ್ಬರೂ ಅಮೆರಿಕದಲ್ಲಿ ಕೆಲಸದ ವೀಸಾದಲ್ಲಿದ್ದಾರೆ. ಸೊಸೆಗೆ ಏಳು ತಿಂಗಳು. "ಹುಟ್ಟುವ ಮಗು ಆ ದೇಶದ್ದೋ ಅಲ್ಲವೋ, ನಿಮ್ಮ ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ" ಎಂದರು. ಪದಗ್ರಹಣದ ದಿನವೇ ಹೊರಟ ಆದೇಶದ ಪ್ರಕಾರ, ತಾತ್ಕಾಲಿಕ ವೀಸಾದಲ್ಲಿರುವ ತಾಯಿಗೆ ಫೆಬ್ರುವರಿ 19ರ ನಂತರ ಹುಟ್ಟುವ ಮಗುವಿಗೆ, ತಂದೆ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಉಳ್ಳವರೋ ಆಗಿರದಿದ್ದರೆ, ಹುಟ್ಟಿನಿಂದ ಬರುವ ಪೌರತ್ವ ಇರುತ್ತಿರಲಿಲ್ಲ. ಜನವರಿ 23ರಂದು ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶರು ಅದಕ್ಕೆ ತಾತ್ಕಾಲಿಕ ತಡೆ ನೀಡಿದರು. ಇಷ್ಟನ್ನು ಫೋನಿನಲ್ಲಿ ಓದಿ ಹೇಳಿದೆ. ಅವರು ನಿಧಾನವಾಗಿ ಬರೆದುಕೊಂಡರು, "ತಡೆ" ಎಂಬ ಪದವನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಹೊಗಳಿದವರೂ ತೆಗಳಿದವರೂ ಸೇರಿ ಆ ತಾಯಿಗೆ ಬೇಕಾದ ನಾಲ್ಕು ಸಾಲು ಕೊಟ್ಟಿರಲಿಲ್ಲ. ನಾವೂ ಕೊಟ್ಟಿರಲಿಲ್ಲ.

ಒಂದು ಕಡೆಯ ಸುದ್ದಿಯ ಉರಿ ಮಂಡ್ಯದವರಾದ ತಮಗೆ ನಾನು ಹೇಳಿಕೊಡಬೇಕಿಲ್ಲ. 2016ರ ಸೆಪ್ಟೆಂಬರಿನಲ್ಲಿ ತಮಿಳುನಾಡಿಗೆ ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದಾಗ ನಾನು ತಮ್ಮೂರಿನ ಸಂಜಯ ವೃತ್ತದಲ್ಲಿ ನಿಂತಿದ್ದೆ. ಒಣಗಿದ ಭತ್ತದ ಪೈರನ್ನು ಬೇರುಸಹಿತ ಕಿತ್ತು ತಂದ ರೈತರೊಬ್ಬರು ಕ್ಯಾಮೆರಾ ಹಿಡಿದವರ ಮುಂದೆ ಅದನ್ನು ಚಾಚಿ ಹಿಡಿದೇ ಇದ್ದರು. ಆ ರಾತ್ರಿ ದೆಹಲಿಯ ಚಾನೆಲ್ಲಿನಲ್ಲಿ ಕೂಗಾಟ ಬಂತು, ಪೈರು ಬರಲಿಲ್ಲ. ಅಂದು ನಾನು ಆ ಚಾನೆಲ್ಲಿನವರ ಮೇಲೆ ಕಟುವಾಗಿ ಬರೆದಿದ್ದೆ. ತಾವು ಆ ಲೇಖನವನ್ನು ಮೆಚ್ಚಿ ಬರೆದ ಕಾರ್ಡ್ ಇನ್ನೂ ನನ್ನ ಬಳಿ ಇದೆ.

ಮುಂದಿನ ಸಂಚಿಕೆಯಲ್ಲಿ ಟ್ರಂಪ್ ಅವರ ಪದಗ್ರಹಣ ಭಾಷಣದ ಕನ್ನಡ ಅನುವಾದವನ್ನು ಇಡಿಯಾಗಿ, ಟೀಕೆಯಿಲ್ಲದೆ ಪ್ರಕಟಿಸುತ್ತೇವೆ. ಎದುರು ಪುಟದಲ್ಲಿ ಅಂದು ಸಹಿಯಾದ ಮುಖ್ಯ ಆದೇಶಗಳು ಮತ್ತು ಇಬ್ಬರೂ ಅಧ್ಯಕ್ಷರು ನೀಡಿದ ಕ್ಷಮಾದಾನಗಳು ಇರುತ್ತವೆ. ತಮ್ಮ ಪತ್ರವನ್ನು ಒಂದಕ್ಷರ ಕತ್ತರಿಸದೆ ಹಾಕಬೇಕೆಂದಿದ್ದೇನೆ. ಆದರೆ ಎರಡನೆಯ ಹಾಳೆಯ ಕೊನೆಯ ಎರಡು ಸಾಲು ಮಡಿಕೆಯಲ್ಲಿ ಶಾಯಿ ಹರಡಿ ಅಳಿಸಿಹೋಗಿವೆ. "ಸಂಪಾದಕರೇ, ನಿಮ್ಮಿಂದ ನಾನು ನಿರೀಕ್ಷಿಸಿದ್ದು" ಎಂಬಲ್ಲಿಯವರೆಗೆ ಮಾತ್ರ ಓದಲಾಗುತ್ತಿದೆ. ಮುಂದಿನದನ್ನು ದಯವಿಟ್ಟು ಮತ್ತೊಮ್ಮೆ ಬರೆದು ಕಳಿಸಿ.

ಸಂಪಾದಕ
ಮೈಸೂರು