ಸೈಕಲ್ ಹಿಂದಿಕ್ಕಲು ಎಷ್ಟು ಜಾಗ ಬೇಕು?

ಶ್ರೀರಂಗಪಟ್ಟಣದಿಂದ ಮೈಸೂರಿಗೆ ತರಕಾರಿ ಸಾಗಿಸುವ ಗೂಡ್ಸ್ ಆಟೊ ಚಾಲಕರೊಬ್ಬರು ಬರೆಯುತ್ತಾರೆ: “ಎಷ್ಟು ಹಾರ್ನ್ ಹೊಡೆದರೂ ಸೈಕಲ್‌ನವರು ಅಂಚಿಗೆ ಸರಿಯುವುದಿಲ್ಲ. ಶಾಲೆ ಬಿಟ್ಟಾಗಲಂತೂ ರಸ್ತೆ ತುಂಬ ಅವರೇ. ನಾವು ಗಾಡಿ ಓಡಿಸುವುದು ಹೇಗೆ?”

ಸಂಪಾದಕರ ಉತ್ತರ:

ನಿಮ್ಮ ಕಷ್ಟ ನಿಜವೇ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್, ಸೈಕಲ್ ಯಾವುದನ್ನೂ ಬಿಡುತ್ತಿಲ್ಲ. ಎಲ್ಲವೂ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಆದರೆ ಸೈಕಲ್‌ನವರು ಅಂಚಿಗೆ ಸರಿಯದಿರುವುದು ಹಟದಿಂದಲ್ಲ. ಒಮ್ಮೆ ಗಾಡಿಯಿಂದಿಳಿದು ಆ ಅಂಚನ್ನೇ ನೋಡಿ. ಮರಳು, ಗಾಜಿನ ಚೂರು, ಚರಂಡಿಯ ಕಂಬಿ. ಎಷ್ಟೋ ಕಡೆ ಟಾರು ಮಣ್ಣಿಗಿಂತ ನಾಲ್ಕು ಬೆರಳು ಎತ್ತರಕ್ಕಿರುತ್ತದೆ. ಚಕ್ರ ಕೆಳಗಿಳಿಯಿತೆಂದರೆ ಮತ್ತೆ ಹತ್ತಿಸುವಾಗ ಟೈರು ಆ ಅಂಚಿಗೆ ಉಜ್ಜಿ ಹ್ಯಾಂಡಲ್ ತಿರುಗುವುದೇ ಇಲ್ಲ. ಸವಾರ ಬೀಳುವುದು ಬಲಕ್ಕೆ, ನಿಮ್ಮ ಚಕ್ರದ ಕಡೆಗೆ. ಅದಕ್ಕೇ ಅಂಚಿನಿಂದ ಎರಡು–ಮೂರು ಅಡಿ ಬಿಟ್ಟು ಹೋಗುವುದೇ ಸರಿ.

ಹಿಂದಿನಿಂದ ಹತ್ತಿರ ಬಂದು ಜೋರಾಗಿ ಹಾರ್ನ್ ಹೊಡೆದರೆ ಏನಾಗುತ್ತದೆ ಗೊತ್ತೆ? ಸವಾರ ಬಲಕ್ಕೆ ಹೊರಳಿ ನೋಡುತ್ತಾನೆ, ತಲೆಯ ಜೊತೆ ಹ್ಯಾಂಡಲ್ಲೂ ಬಲಕ್ಕೆ ವಾಲುತ್ತದೆ. ಹಾರ್ನ್ ಬೇಕೇ ಬೇಕೆಂದರೆ 30–40 ಮೀಟರ್ ದೂರದಿಂದ ಒಮ್ಮೆ, ಚಿಕ್ಕದಾಗಿ ಸಾಕು.

ಹಿಂದಿಕ್ಕುವಾಗ ನಿಮ್ಮ ಎಡಗನ್ನಡಿಗೂ ಸೈಕಲ್ ಹ್ಯಾಂಡಲ್‌ಗೂ ನಡುವೆ ಒಂದೂವರೆ ಮೀಟರ್ ಇರಲಿ. ಗುಂಡಿ ತಪ್ಪಿಸಲು ಸೈಕಲ್ ಥಟ್ಟನೆ ಒಂದಡಿ ಸರಿದರೂ ಆಗ ತಗಲುವುದಿಲ್ಲ. ಎದುರಿಂದ ಗಾಡಿ ಬರುತ್ತಿದ್ದರೆ ಅಷ್ಟು ಜಾಗ ಸಿಗದು. ಅದು ದಾಟುವವರೆಗೆ ಗೇರು ಇಳಿಸಿ ಸೈಕಲ್ ಹಿಂದೆಯೇ ಬನ್ನಿ. 40 ಕಿ.ಮೀ. ವೇಗದಲ್ಲಿ ಹೋಗುವವರು 100 ಮೀಟರ್ ದೂರ 15 ಕಿ.ಮೀ. ವೇಗಕ್ಕಿಳಿದರೆ ಕಳೆದುಕೊಳ್ಳುವುದು 15 ಸೆಕೆಂಡು. ತರಕಾರಿ ಅಷ್ಟಕ್ಕೆ ಬಾಡುವುದಿಲ್ಲ.

ದಾಟಿದ ಕೂಡಲೇ ಎಡಕ್ಕೆ ಎಳೆಯಬೇಡಿ. ಗಿರಾಕಿ ಕೈ ಮಾಡಿದರೆಂದು ಹಾಗೆ ನಿಲ್ಲಿಸಿದರೆ ಸೈಕಲ್‌ನವರಿಗೆ ಬ್ರೇಕ್ ಹಿಡಿಯಲೂ ಸಮಯವಿರುವುದಿಲ್ಲ. ಕಬ್ಬಿನ ಟ್ರ್ಯಾಕ್ಟರ್‌ನವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ: ತಿರುವಿನಲ್ಲಿ ಟ್ರೇಲರ್ ಚಕ್ರಗಳು ಇಂಜಿನ್ ಹೋದ ಜಾಡಿಗಿಂತ ಒಳಗೆ ಬರುತ್ತವೆ, ಎರಡು ಟ್ರೇಲರ್ ಇದ್ದರೆ ಇನ್ನಷ್ಟು ಒಳಗೆ. ಮೇಲೆ ಪಕ್ಕಕ್ಕೆ ಚಾಚಿದ ಕಬ್ಬಿನ ತುದಿಗಳು. ಎಡತಿರುವಿನಲ್ಲಿ ಸೈಕಲನ್ನು ಹಿಂದಿಕ್ಕಲೇಬಾರದು.

ಗಾಡಿ ನಿಲ್ಲಿಸಿ ಬಲಬಾಗಿಲು ತೆಗೆಯುವಾಗ ಎಡಗೈಯಿಂದ ತೆಗೆಯಿರಿ. ಮೈ ತಾನಾಗಿ ತಿರುಗಿ, ಹಿಂದೆ ಬರುವವರು ಕಣ್ಣಿಗೆ ಬೀಳುತ್ತಾರೆ.

ಮಕ್ಕಳು ಮಾತಾಡಿಕೊಂಡು ಮೂವರು ಅಕ್ಕಪಕ್ಕದಲ್ಲಿ ಹೋಗುವುದು ತಪ್ಪೇ. ಅದನ್ನು ಮನೆಯವರೂ ಮೇಷ್ಟ್ರುಗಳೂ ತಿದ್ದಬೇಕು. ಹಿಂದಿನ ಮಡ್‌ಗಾರ್ಡ್‌ಗೆ ಕೆಂಪು ರಿಫ್ಲೆಕ್ಟರ್ ಇಲ್ಲದ ಸೈಕಲ್ ಕತ್ತಲಲ್ಲಿ ರಸ್ತೆಗಿಳಿಯಬಾರದು.

ತರಕಾರಿ ಗಾಡಿಯಾದ್ದರಿಂದ ನಿಮಗೆ ಇನ್ನೊಂದು ಮಾತು. ಟಾರ್ಪಾಲಿನ ಹಗ್ಗದ ತುದಿ ಪಕ್ಕಕ್ಕೆ ಜೋತಾಡುತ್ತಿದ್ದರೆ ಹ್ಯಾಂಡಲ್‌ಗೆ ಸಿಕ್ಕಿ ಸೈಕಲನ್ನು ಎಳೆದುಕೊಂಡು ಹೋಗಬಹುದು. ಲೋಡ್ ಕಟ್ಟಿದ ಮೇಲೆ ಉಳಿದ ಹಗ್ಗವನ್ನು ಸುತ್ತಿ ಒಳಗೆ ಸಿಕ್ಕಿಸಿ.