ಪೋಸ್ಟರ್‌ನಲ್ಲಿದ್ದರೆ ಮುದ್ದು, ಪಕ್ಕದ ರೂಮಿನಲ್ಲಿದ್ದರೆ ಅಡ್ಡಹೆಸರು

ಪ್ರಶ್ನೆ: ಮೇಡಂ, ನನಗೆ 19 ವರ್ಷ. ಬಿ.ಕಾಂ. ಎರಡನೇ ವರ್ಷ, ಹಾಸ್ಟೆಲ್‌ನಲ್ಲಿದ್ದೇನೆ. ನಾವು ಐದು ಜನ ಗೆಳತಿಯರು, ಐವರಿಗೂ ಕೆ-ಪಾಪ್ (ಕೊರಿಯಾದ ಪಾಪ್ ಸಂಗೀತ) ಹುಚ್ಚು. ಅಲ್ಲಿನ ಬಿಟಿಎಸ್ ತಂಡ ಅಂದರೆ ಪ್ರಾಣ. ಈ ವರ್ಷ ಮಣಿಪುರದ ಒಬ್ಬ ಹುಡುಗಿ ನಮ್ಮ ಕ್ಲಾಸಿಗೆ ಬಂದು ಸೇರಿದಳು, ನಮ್ಮ ಹಾಸ್ಟೆಲ್‌ನಲ್ಲೇ ಇದ್ದಾಳೆ. ಮೊದಲ ವಾರದಲ್ಲೇ ಅವಳಿಗೆ ‘ಮೋಮೋ’ ಅಂತ ಹೆಸರು ಬಿತ್ತು. ಫೆಸ್ಟ್‌ಗೆ ಬಿಟಿಎಸ್ ಹಾಡಿಗೆ ಡ್ಯಾನ್ಸ್ ಅಂತ ತೀರ್ಮಾನವಾದಾಗ ನನ್ನ ಬೆಸ್ಟ್ ಫ್ರೆಂಡ್, ‘ಅವಳನ್ನ ಮುಂದೆ ನಿಲ್ಲಿಸೋಣ, ಒರಿಜಿನಲ್ ಲುಕ್ ಬರುತ್ತೆ’ ಅಂದಳು. ಅವಳು ನಕ್ಕು ಒಪ್ಪಿಕೊಂಡಳು. ಪ್ರಾಕ್ಟೀಸ್ ನಡುವೆ ಅವಳು ಕಣ್ಣು ಮುಚ್ಚಿ ಕೂತಿದ್ದಾಗ ಯಾರೋ ಫೋಟೊ ತೆಗೆದು ಡ್ಯಾನ್ಸ್ ಗ್ರೂಪಿನಲ್ಲಿ ಸ್ಟಿಕ್ಕರ್ ಮಾಡಿ ಹಾಕಿದರು: ‘ಮೇಡ್ ಇನ್ ಚೈನಾ, ನೋ ಗ್ಯಾರಂಟಿ’. ಎಲ್ಲರೂ ನಗುವ ಎಮೋಜಿ ಹಾಕಿದರು, ನಾನೂ ಹಾಕಿದೆ. ಸುಮಾರು ಹೊತ್ತಾದ ಮೇಲೆ ಅವಳೂ ಒಂದು ಹಾಕಿದಳು. ಅವತ್ತಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಬೆಸ್ಟ್ ಫ್ರೆಂಡ್‌ಗೆ ಹೇಳಿದರೆ, ‘ನಾವೇ ಕೊರಿಯಾದವರ ಫ್ಯಾನ್ಸು, ನಾವು ಹೇಗೆ ರೇಸಿಸ್ಟ್ ಆಗ್ತೀವಿ? ಅವಳೇ ನಗ್ತಿದಾಳೆ, ನಿಂದೇನು?’ ಅಂತಾಳೆ. ಅಮ್ಮ, ‘ಊರ ಉಸಾಬರಿ ನಿನಗ್ಯಾಕೆ, ಓದ್ಕೊ’ ಅಂತಾರೆ. ನಾನು ಅತಿ ಮಾಡ್ತಿದೀನಾ? ಡ್ಯಾನ್ಸ್ ಬಿಡಲಾ? ಅವಳ ಹತ್ತಿರ ಏನಂತ ಹೇಳಲಿ? ಒಂದೊಂದು ಸಲ ಗೋಡೆಯ ಪೋಸ್ಟರ್‌ಗಳನ್ನೂ ಕಿತ್ತುಹಾಕೋಣ ಅನಿಸುತ್ತೆ.

ಉತ್ತರ: ಇಲ್ಲ, ನೀನು ಅತಿ ಮಾಡುತ್ತಿಲ್ಲ.

ನಿನ್ನ ಪತ್ರದಲ್ಲಿ ಒಂದು ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಎಲ್ಲರ ಎಮೋಜಿ ಬಿದ್ದು ಸುಮಾರು ಹೊತ್ತಾದ ಮೇಲೆ ಅವಳದ್ದೂ ಒಂದು ಬಿತ್ತು ಅಂದೆಯಲ್ಲ, ಆ ಸಾಲು. ಆ ಹೊತ್ತಿನಲ್ಲಿ ಅವಳು ಏನು ಮಾಡುತ್ತಿದ್ದಿರಬಹುದು? ಫೋನ್ ಕೈಯಲ್ಲಿದೆ, ಗ್ರೂಪಿನಲ್ಲಿ ತನ್ನದೇ ಮುಖ, ಕೆಳಗೆ ಸಾಲಾಗಿ ನಗು. ಅವುಗಳಲ್ಲಿ ಯಾರ್ಯಾರ ಹೆಸರಿದೆ ಅಂತ ನೋಡಿರುತ್ತಾಳೆ. ಸಿಟ್ಟು ಮಾಡಿಕೊಂಡರೆ ‘ಜೋಕ್ ಅರ್ಥ ಆಗಲ್ಲ ಇವಳಿಗೆ’ ಅನ್ನಿಸಿಕೊಳ್ಳಬೇಕು, ಗ್ರೂಪ್ ಬಿಟ್ಟರೆ ಜಂಬ ಅನ್ನಿಸಿಕೊಳ್ಳಬೇಕು. ಸುಮ್ಮನಿದ್ದರೆ ನಾಳೆ ಇನ್ನೊಂದು ಸ್ಟಿಕ್ಕರ್ ಬರುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿ ಅವಳು ನಕ್ಕಳು. ನಿಮ್ಮ ಜೊತೆಗೇ ಇನ್ನೂ ಎರಡು ವರ್ಷ ಊಟ, ಸ್ನಾನದ ಮನೆಯ ಸರದಿ, ಗ್ರೂಪ್ ಸ್ಟಡಿ ಎಲ್ಲ ಮಾಡಬೇಕಾದವಳು ಬೇರೇನು ಮಾಡಿಯಾಳು? ಹಾಗಾಗಿ ‘ಅವಳೇ ನಗ್ತಿದಾಳೆ’ ಅನ್ನುವುದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬೇಡ. ಅಷ್ಟು ಜನರ ನಡುವೆ ಒಬ್ಬಳೇ ಇದ್ದಾಗ ನೀನೂ ನಗುತ್ತಿದ್ದೆ.

ಈಗ ನಿನ್ನ ಗೆಳತಿಯ ವಾದಕ್ಕೆ ಬರೋಣ. ಕೊರಿಯಾದವರ ಫ್ಯಾನ್ ಆದವರು ರೇಸಿಸ್ಟ್ ಆಗುವುದು ಹೇಗೆ ಅಂತ ಕೇಳುತ್ತಾಳಂತೆ. ಸಲೀಸಾಗಿ ಆಗಬಹುದು. ಪರದೆಯ ಮೇಲಿನ ಮುಖ ನಮ್ಮನ್ನು ಏನೂ ಕೇಳುವುದಿಲ್ಲ. ಅದಕ್ಕೆ ನೋಟ್ಸ್ ಕೊಡಬೇಕಾಗಿಲ್ಲ, ಹಾಸಿಗೆಯ ಪಕ್ಕ ಜಾಗ ಬಿಡಬೇಕಾಗಿಲ್ಲ, ಅದು ತಪ್ಪು ಕನ್ನಡ ಮಾತಾಡಿದರೆ ಕಾಯಬೇಕಾಗಿಲ್ಲ. ಬೇಕೆಂದಾಗ ಹಾಕಿ ಬೇಡವೆಂದಾಗ ಆರಿಸಬಹುದಾದ ಪ್ರೀತಿ ಅದು. ಪಕ್ಕದ ರೂಮಿನವಳು ಹಾಗಲ್ಲ, ಅವಳಿಗೆ ಹೆಸರಿದೆ, ಮೂಡ್ ಇದೆ, ಬೇಡ ಅನ್ನುವ ಹಕ್ಕೂ ಇದೆ. ‘ಒರಿಜಿನಲ್ ಲುಕ್’ ಅಂದಾಗ ನಿನ್ನ ಗೆಳತಿ ಹೊಗಳಿದೆ ಅಂದುಕೊಂಡಿರಬಹುದು, ಕೆಟ್ಟ ಉದ್ದೇಶ ಇದ್ದಿರಲಾರದು ಅಂತ ನಾನೂ ನಂಬುತ್ತೇನೆ. ಆದರೆ ಅವಳನ್ನು ಮುಂದೆ ನಿಲ್ಲಿಸಿದ್ದು ಹೆಜ್ಜೆ ಚೆನ್ನಾಗಿ ಹಾಕುತ್ತಾಳೆ ಅಂತಲೋ ಮುಖ ಹಾಗಿದೆ ಅಂತಲೋ? ಮುಖಕ್ಕಾಗಿ ಅಂದರೆ ಅವಳು ನಿಮ್ಮ ಡ್ಯಾನ್ಸಿನಲ್ಲಿ ಡ್ಯಾನ್ಸರ್ ಆಗಲಿಲ್ಲ, ಕಾಸ್ಟ್ಯೂಮ್ ಆದಳು.

ಇನ್ನು ನೀವು ಪ್ರಾಣ ಅನ್ನುವ ಆ ಏಳು ಹುಡುಗರ ವಿಷಯ. 2021ರ ಫೆಬ್ರವರಿಯಲ್ಲಿ ಜರ್ಮನಿಯ ಒಬ್ಬ ರೇಡಿಯೊ ನಿರೂಪಕ ಬಿಟಿಎಸ್‌ ಅನ್ನು ಕೊರೊನಾ ವೈರಸ್‌ಗೆ ಹೋಲಿಸಿ ಮಾತಾಡಿದ. ಜಗತ್ತಿನಾದ್ಯಂತ ಅಭಿಮಾನಿಗಳು ತಿರುಗಿಬಿದ್ದರು, ಆ ವಾಹಿನಿ ಕ್ಷಮೆ ಕೇಳಿತು. ಮರುತಿಂಗಳು ಬಿಟಿಎಸ್ ಒಂದು ಹೇಳಿಕೆ ಕೊಟ್ಟಿತು. ಏಷ್ಯಾದವರು ಅನ್ನುವ ಕಾರಣಕ್ಕೆ ತಮ್ಮನ್ನು ಬೈದದ್ದು, ತಮ್ಮ ಮುಖ-ರೂಪ ಆಡಿಕೊಂಡದ್ದು, ‘ಏಷ್ಯಾದವರು ಯಾಕೆ ಇಂಗ್ಲಿಷ್ ಮಾತಾಡ್ತಾರೆ?’ ಅಂತ ಕೇಳಿದ್ದು, ಎಲ್ಲವನ್ನೂ ಅದರಲ್ಲಿ ಹೇಳಿಕೊಂಡಿದ್ದಾರೆ. 2022ರ ಮೇ 31ರಂದು ವೈಟ್‌ ಹೌಸ್‌ಗೆ ಹೋಗಿ ಅಮೆರಿಕದ ಆಗಿನ ಅಧ್ಯಕ್ಷ ಬೈಡನ್ ಜೊತೆ ಇದೇ ವಿಷಯ ಮಾತಾಡಿದರು. ನಿಮ್ಮ ಗುಂಪಿನಲ್ಲಿ ಆ ಭೇಟಿಯ ವಿಡಿಯೊ ನೋಡದವರು ಇರಲಾರರು. ಅದನ್ನು ನೋಡಿ ಕಣ್ಣೀರು ಹಾಕಿದವರು ಸಹ ಇರಬಹುದು. ಅದೇ ಬೆರಳಲ್ಲಿ ಸ್ಟಿಕ್ಕರ್ ಫಾರ್ವರ್ಡ್ ಮಾಡಲಿಕ್ಕೂ ಆಗುತ್ತದಲ್ಲ, ಮನುಷ್ಯರ ಸ್ವಭಾವವೇ ವಿಚಿತ್ರ.

ಜರ್ಮನಿಯವನನ್ನು ಬೈದು ಮುಗಿಸುವ ಹಾಗೂ ಇಲ್ಲ. ಅದಕ್ಕೂ ಒಂದು ವರ್ಷ ಮೊದಲು, 2020ರ ಮಾರ್ಚ್‌ನಲ್ಲಿ, ನಮ್ಮದೇ ದೇಶದ ಬೀದಿಗಳಲ್ಲಿ ಈಶಾನ್ಯ ರಾಜ್ಯಗಳವರನ್ನು ‘ಕೊರೊನಾ’ ಅಂತ ಕೂಗುವುದು ಎಷ್ಟು ಹೆಚ್ಚಾಯಿತೆಂದರೆ ಕೇಂದ್ರ ಗೃಹ ಸಚಿವಾಲಯವೇ ಎಲ್ಲ ರಾಜ್ಯಗಳಿಗೆ ಪತ್ರ ಬರೆದು ಕ್ರಮ ಕೈಗೊಳ್ಳಿ ಅನ್ನಬೇಕಾಯಿತು. 2014ರ ಜನವರಿಯಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿ ನಿಡೊ ತಾನಿಯಾ ದೆಹಲಿಯ ಲಾಜಪತ್ ನಗರದಲ್ಲಿ ಹೊಡೆತ ತಿಂದು ತೀರಿಕೊಂಡ. ಜಗಳ ಶುರುವಾದದ್ದು ಅವನ ಕೂದಲು, ಚಹರೆ ಆಡಿಕೊಂಡಿದ್ದರಿಂದ. ಸರ್ಕಾರ ಬೆಜ್‌ಬರುವಾ ಸಮಿತಿ ನೇಮಿಸಿ ಈಶಾನ್ಯದವರ ಕಷ್ಟಗಳನ್ನು ಪರಿಶೀಲಿಸಲು ಹೇಳಿದ್ದು ಅದಾದ ಮೇಲೆಯೇ. ನಿಮ್ಮ ಸ್ಟಿಕ್ಕರ್‌ಗೂ ಕೊಲೆಗೂ ಏನು ಸಂಬಂಧ ಅಂತ ನಿನ್ನ ಗೆಳತಿ ಕೇಳಿದರೆ ನಾನು ಜಗ್ಗಾಡುವುದಿಲ್ಲ, ನೇರ ಸಂಬಂಧ ಇಲ್ಲ. ಆದರೆ ಆ ಹುಡುಗಿ ಮನೆ ಬಿಟ್ಟು ಹೊರಡುವಾಗ ಅವಳ ಅಪ್ಪ-ಅಮ್ಮನಿಗೆ ನಿಡೊ ಹೆಸರು ನೆನಪಿದ್ದಿರುತ್ತದೆ. ನಮಗೆ ನೆನಪಿರುವುದಿಲ್ಲ, ಅಷ್ಟೇ ವ್ಯತ್ಯಾಸ.

ಅವಳ ಊರಿನ ಬಗ್ಗೆ ಒಂದು ವಿಷಯ ತಿಳಿದಿರಲಿ. 2000ನೇ ಇಸವಿಯಲ್ಲಿ ಮಣಿಪುರದ ಒಂದು ಉಗ್ರ ಸಂಘಟನೆ ಹಿಂದಿ ಸಿನಿಮಾ, ಹಿಂದಿ ಹಾಡುಗಳಿಗೆ ನಿಷೇಧ ಹೇರಿತು. ಆ ಖಾಲಿ ಜಾಗಕ್ಕೆ ಬಂದದ್ದು ಅರಿರಾಂಗ್ ಅನ್ನುವ ಕೊರಿಯನ್ ಚಾನೆಲ್, ಅದರ ಹಿಂದೆಯೇ ಸೀಡಿಗಳಲ್ಲಿ ಕೊರಿಯನ್ ಧಾರಾವಾಹಿಗಳು. ಬಿಟಿಎಸ್ ಕಣ್ಣು ಬಿಟ್ಟಿದ್ದು 2013ರಲ್ಲಿ. ಅಷ್ಟರೊಳಗೆ ಇಂಫಾಲದ ಹುಡುಗರು ಕೊರಿಯನ್ ಹೇರ್‌ಸ್ಟೈಲ್ ಮಾಡಿಸಿಕೊಂಡು ಹಳಬರಾಗಿದ್ದರು. ಅಂದರೆ ಫ್ಯಾನ್‌ಗಿರಿಯಲ್ಲಿ ಅವಳ ಊರು ನಿಮಗಿಂತ ಸೀನಿಯರ್! ಹಾಗಂತ ಅವಳು ಕೊರಿಯಾದವಳಾಗುವುದಿಲ್ಲ. ಹಿಂದಿ ಸೀರಿಯಲ್ ನೋಡುವ ನಿಮ್ಮ ವಾರ್ಡನ್ ದೆಹಲಿಯವರಾಗುತ್ತಾರಾ? ಅವಳಿಗೆ ಕೆ-ಪಾಪ್ ಇಷ್ಟವೇ ಇಲ್ಲದಿರಲೂಬಹುದು. ಯಾರಾದರೂ ಕೇಳಿದ್ದೀರಾ?

ಇಲ್ಲಿ ಇನ್ನೊಂದು ಕಡೆಗೆ ಜಾರುವ ಅಪಾಯವೂ ಇದೆ. ತಪ್ಪಿನ ಅರಿವಾದವರು ತಕ್ಷಣ ‘ಬಾಕ್ಸರ್ ಮೇರಿ ಕೋಮ್ ನಾಡಿನವಳು, ವೇಟ್‌ಲಿಫ್ಟರ್ ಮೀರಾಬಾಯಿ ಚಾನು ನಾಡಿನವಳು’ ಅಂತ ಹೊಗಳಲು ಶುರು ಮಾಡುತ್ತಾರೆ. ದಯವಿಟ್ಟು ಬೇಡ. ಪದಕ ಬಂದ ದಿನ ಹೆಮ್ಮೆಯ ಮಗಳು, ಮಿಕ್ಕ ದಿನ ‘ಚೀನಾದವಳಾ?’ ಅನ್ನುವ ಈ ಆಟ ಅವಳು ಸಾಕಷ್ಟು ನೋಡಿರುತ್ತಾಳೆ. ಮೇರಿ ಕೋಮ್ ಬಗ್ಗೆ 2014ರಲ್ಲಿ ಹಿಂದಿ ಸಿನಿಮಾ ಬಂದಾಗಲೂ ಅವರ ಪಾತ್ರಕ್ಕೆ ಸಿಕ್ಕಿದ್ದು ಪ್ರಿಯಾಂಕಾ ಚೋಪ್ರಾ. ಕತೆ ಬೇಕು, ಆ ಮುಖ ಬೇಡ! ಬಿ.ಕಾಂ. ಓದಲು ಬಂದ ಹುಡುಗಿ ಮರ್ಯಾದೆ ಪಡೆಯಲು ಭಾರ ಎತ್ತಬೇಕಾಗಿಲ್ಲ.

ಈಗ ಏನು ಮಾಡುವುದು? ಮೊದಲು ನಿನ್ನ ಫೋನಿನಿಂದ ಆ ಸ್ಟಿಕ್ಕರ್ ತೆಗೆ, ನಿನ್ನ ಎಮೋಜಿಯನ್ನೂ ವಾಪಸ್ ತೆಗೆ. ಆಮೇಲೆ ಅದನ್ನು ಮಾಡಿದವಳನ್ನು ಒಬ್ಬಳೇ ಇರುವಾಗ ಹಿಡಿ. ಗ್ರೂಪಿನಲ್ಲಿ ಭಾಷಣ ಹಾಕಬೇಡ. ಅಲ್ಲಿ ಹಾಕಿದರೆ ಎಲ್ಲರೂ ತಮ್ಮನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ, ಆ ಹುಡುಗಿ ಮತ್ತೆ ಎಲ್ಲರ ಮುಂದೆ ಚರ್ಚೆಯ ವಸ್ತುವಾಗುತ್ತಾಳೆ. ‘ಆ ಸ್ಟಿಕ್ಕರ್ ನನಗೆ ಸರಿ ಕಾಣ್ತಿಲ್ಲ ಕಣೇ. ನಾನೂ ನಕ್ಕೆ, ತಪ್ಪಾಯ್ತು. ಡಿಲೀಟ್ ಮಾಡ್ಬಿಡು’ ಅಂದರೆ ಸಾಕು. ನೀನೂ ನಕ್ಕವಳೇ ಆದ್ದರಿಂದ ನಿನ್ನ ಮಾತು ನ್ಯಾಯಾಧೀಶರ ಮಾತಿನ ಹಾಗೆ ಕೇಳಿಸುವುದಿಲ್ಲ. ಅಡ್ಡಹೆಸರಿನ ವಿಷಯಕ್ಕೆ ಸಭೆ ಬೇಕಿಲ್ಲ. ನಾಳೆಯಿಂದ ಅವಳನ್ನು ಅವಳ ಹೆಸರಿನಿಂದ ಕರೆ. ಉಚ್ಚಾರ ಸರಿಯಾಗಿ ಬರದಿದ್ದರೆ ಅವಳನ್ನೇ ಕೇಳಿ ಕಲಿ. ಯಾರಾದರೂ ‘ಮೋಮೋ ಎಲ್ಲಿ?’ ಅಂದರೆ ಹೆಸರು ಹೇಳಿಯೇ ‘ರೂಮಲ್ಲಿದಾಳೆ’ ಅನ್ನು. ಸಣ್ಣದು ಅನಿಸುತ್ತದೆ, ಆದರೆ ಹಾಸ್ಟೆಲ್‌ಗಳಲ್ಲಿ ಹೆಸರು ಹಬ್ಬುವುದೂ ಹೀಗೇ, ಸಾಯುವುದೂ ಹೀಗೇ.

ಕ್ಷಮೆ ಕೇಳುವುದರಲ್ಲಿ ಹೆಚ್ಚು ಜನ ಎಡವುತ್ತಾರೆ. ಅಳುತ್ತಾ ಹೋಗಿ, ನಿದ್ದೆ ಬರುತ್ತಿಲ್ಲ ಅಂತ ಹೇಳಿಕೊಂಡು, ಕೊನೆಗೆ ಅವಳೇ ನಿನ್ನ ಬೆನ್ನು ಸವರಿ ‘ಪರವಾಗಿಲ್ಲ ಬಿಡೆ’ ಅನ್ನುವ ಹಾಗೆ ಮಾಡಬೇಡ. ನಿನ್ನ ನಿದ್ದೆ ಅವಳ ಜವಾಬ್ದಾರಿಯಲ್ಲ. ‘ಅವತ್ತು ಆ ಸ್ಟಿಕ್ಕರ್‌ಗೆ ನಾನು ನಗಬಾರದಿತ್ತು. ಸಾರಿ. ಅದನ್ನ ತೆಗೆಸೋಕೆ ಹೇಳಿದೀನಿ’ ಅಂದು ಸುಮ್ಮನಾಗು. ಅವಳು ಉತ್ತರಿಸದಿದ್ದರೂ, ವಿಷಯ ಬದಲಿಸಿದರೂ, ‘ಯಾವ ಸ್ಟಿಕ್ಕರ್?’ ಅಂದರೂ ಹಿಂದೆ ಬೀಳಬೇಡ. ಅವಳಿಗೆ ನಿನ್ನನ್ನು ನಂಬಬೇಕೆಂಬ ಕಟ್ಟುಪಾಡಿಲ್ಲ. ಹಾಗೇ ‘ನಿಮ್ಮ ಕಡೆ ಹೇಗೆ, ಏನೇನಾಯ್ತು?’ ಅಂತ ಕೆದಕಬೇಡ. 2023ರ ಮೇ ತಿಂಗಳಲ್ಲಿ ಅಲ್ಲಿ ಹಿಂಸಾಚಾರ ಶುರುವಾಗಿ ಸಾವಿರಾರು ಜನ ಮನೆ ಬಿಟ್ಟು ಹೋಗಬೇಕಾಯಿತು. ಅವಳು ಎರಡನೇ ವರ್ಷಕ್ಕೆ ಇಲ್ಲಿಗೆ ಬಂದು ಸೇರಿದ್ದಕ್ಕೂ ಅದಕ್ಕೂ ಸಂಬಂಧ ಇರಬಹುದು, ಇಲ್ಲದಿರಬಹುದು. ಹೇಳಬೇಕು ಅನಿಸಿದ ದಿನ ಅವಳೇ ಹೇಳುತ್ತಾಳೆ.

ಬೆಸ್ಟ್ ಫ್ರೆಂಡ್ ಜೊತೆ ಮಾತು ಸ್ವಲ್ಪ ಕಷ್ಟವೇ. ‘ರೇಸಿಸ್ಟ್’ ಅನ್ನುವ ಪದ ಎತ್ತಿದ ಕೂಡಲೇ ಅವಳ ಕಿವಿ ಮುಚ್ಚಿಹೋಗುತ್ತದೆ, ಅದನ್ನು ಪಕ್ಕಕ್ಕಿಡು. ಅವಳು ಕ್ರಿಕೆಟ್ ನೋಡುತ್ತಾಳಾ? 2021ರ ಜನವರಿಯಲ್ಲಿ ಸಿಡ್ನಿ ಟೆಸ್ಟ್ ನಡೆಯುವಾಗ ಬೌಂಡರಿ ಬಳಿ ನಿಂತಿದ್ದ ನಮ್ಮ ಬೌಲರ್ ಸಿರಾಜ್‌ರನ್ನು ಪ್ರೇಕ್ಷಕರು ನಿಂದಿಸಿದರು. ಅವರು ಅಂಪೈರ್‌ಗೆ ಹೇಳಿದರು, ಆಟ ಕೆಲ ನಿಮಿಷ ನಿಂತಿತು, ಪೊಲೀಸರು ಕೆಲವರನ್ನು ಸ್ಟೇಡಿಯಂನಿಂದ ಹೊರಗೆ ಕಳಿಸಿದರು. ಅವತ್ತು ನಮಗೆಲ್ಲ ರಕ್ತ ಕುದಿದಿತ್ತು. ಸಿರಾಜ್ ಒಂದು ವೇಳೆ ನಕ್ಕು ಸುಮ್ಮನಾಗಿದ್ದರೆ ‘ಅವನೇ ನಗ್ತಿದಾನೆ’ ಅಂತ ನಾವು ಬಿಡುತ್ತಿದ್ದೆವಾ ಅಂತ ಅವಳನ್ನು ಕೇಳಿ ನೋಡು. ಉತ್ತರಕ್ಕೆ ಅಲ್ಲೇ ಪಟ್ಟು ಹಿಡಿಯಬೇಡ. ಕೆಲವರಿಗೆ ಇಂಥದ್ದು ಒಳಗೆ ಇಳಿಯಲು ವಾರಗಳು ಬೇಕು. ಅವಳು ಒಂದಷ್ಟು ದಿನ ನಿನ್ನ ಜೊತೆ ಮಾತು ಬಿಡಬಹುದು. ಬಿಡಲಿ. ಇಂಥ ಒಂದು ಮಾತಿಗೆ ಮುರಿದು ಬೀಳುವ ಸ್ನೇಹವಾದರೆ ಅದು ಮುಂದೆ ಇನ್ನೊಂದು ಕಾರಣಕ್ಕೆ ಮುರಿಯುತ್ತಿತ್ತು. ನನ್ನ ಅಂದಾಜು ಕೇಳಿದರೆ, ಮುರಿಯಲಾರದು.

ನೀನು ಹೇಳಿದ ಮೇಲೂ ನಿಲ್ಲದೆ ಹೆಚ್ಚಾದರೆ, ಅದಕ್ಕೆ ನಿಯಮವಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ರ‍್ಯಾಗಿಂಗ್ ತಡೆ ನಿಯಮಗಳಿಗೆ 2016ರಲ್ಲಿ ತಿದ್ದುಪಡಿಯಾಗಿದೆ. ಬಣ್ಣ, ಜನಾಂಗ, ಚಹರೆ, ಪ್ರದೇಶ, ಭಾಷೆ ಇವುಗಳ ಕಾರಣಕ್ಕೆ ಸಹಪಾಠಿಯನ್ನು ಹೀಯಾಳಿಸಿ ಹಿಂಸಿಸುವುದೂ, ಗುಂಪಿನಿಂದ ಹೊರಗಿಡುವುದೂ ಅದರಂತೆ ರ‍್ಯಾಗಿಂಗ್. ಫ್ರೆಶರ್‌ಗಳಿಗೆ ಮಾತ್ರ ಅಂತಿಲ್ಲ. ಪ್ರತಿ ಕಾಲೇಜಿನಲ್ಲೂ ಸಮಿತಿ ಇರಬೇಕು, ರಾಷ್ಟ್ರೀಯ ಸಹಾಯವಾಣಿ 1800-180-5522. ಆದರೆ ದೂರು ಕೊಡಬೇಕೋ ಬೇಡವೋ ಅನ್ನುವುದು ಅವಳ ತೀರ್ಮಾನ. ಅವಳನ್ನು ಕೇಳದೆ ಅವಳ ಹೆಸರಿನಲ್ಲಿ ಹೋರಾಟಕ್ಕೆ ಇಳಿಯಬೇಡ. ಹೋಗುತ್ತೇನೆ ಅಂದರೆ ಜೊತೆಗೆ ಹೋಗು, ಸಾಕ್ಷಿ ಹೇಳು.

ಅಮ್ಮನ ಮಾತಿಗೆ ಬೇಸರಿಸಬೇಡ. ಮಗಳು ದೂರದ ಹಾಸ್ಟೆಲ್‌ನಲ್ಲಿ ಒಂಟಿಯಾಗಿಬಿಟ್ಟಾಳು ಅನ್ನುವ ಹೆದರಿಕೆ ಅವರದು. ‘ಅಮ್ಮ, ನಾನು ಬೇರೆ ರಾಜ್ಯದ ಹಾಸ್ಟೆಲ್‌ನಲ್ಲಿದ್ದು, ಅಲ್ಲಿನವರು ನನಗೆ ಹೀಗೆ ಮಾಡಿದ್ದರೆ?’ ಅಂತ ಒಮ್ಮೆ ಕೇಳು, ಅವರೇ ದಾರಿಗೆ ಬರುತ್ತಾರೆ.

ಪೋಸ್ಟರ್‌ಗಳು ಗೋಡೆಯ ಮೇಲೇ ಇರಲಿ. ಹಾಡು ಇಷ್ಟಪಟ್ಟದ್ದು ಅಪರಾಧವಲ್ಲ. ಕೆ-ಪಾಪ್ ಲೋಕ ಪರಿಶುದ್ಧ ಅಂತಲೂ ಅಲ್ಲ: 2017ರಲ್ಲಿ ಮಾಮಾಮೂ ಅನ್ನುವ ತಂಡ ಅಮೆರಿಕದ ಗಾಯಕ ಬ್ರೂನೊ ಮಾರ್ಸ್‌ನನ್ನು ಅನುಕರಿಸಲು ಮುಖಕ್ಕೆ ಕಪ್ಪು ಬಳಿದುಕೊಂಡು, ಟೀಕೆ ಬಂದ ಮೇಲೆ ಕ್ಷಮೆ ಕೇಳಿತು. ಇಷ್ಟಪಡುತ್ತಲೇ ತಪ್ಪನ್ನು ತಪ್ಪು ಅನ್ನಲು ಕಲಿತ ಅಭಿಮಾನಿಗಳು ಅಲ್ಲೂ ಇದ್ದಾರೆ, ನೀನೂ ಅಂಥವಳಾಗಬಹುದು.

ಡ್ಯಾನ್ಸ್ ಬಿಡಬೇಡ. ನೀನು ಬಿಟ್ಟರೆ ಅವಳು ಆ ಗುಂಪಿನಲ್ಲಿ ಇನ್ನಷ್ಟು ಒಬ್ಬಳಾಗುತ್ತಾಳೆ. ಮುಂದಿನ ಪ್ರಾಕ್ಟೀಸ್‌ನಲ್ಲಿ ಸಾಲು ಹೊಸದಾಗಿ ಹಾಕೋಣ, ಯಾರಿಗೆ ಯಾವ ಸ್ಟೆಪ್ ಚೆನ್ನಾಗಿ ಬರುತ್ತೋ ಹಾಗೆ ನಿಲ್ಲೋಣ ಅಂತ ಎಲ್ಲರ ಮುಂದೆ ನೀನೇ ಹೇಳು. ಅವಳಿಗೆ ಎಲ್ಲಿ ನಿಲ್ಲಬೇಕು ಅಂತಿದೆ, ಆ ಹಾಡು ಬೇಕೋ ಬೇರೆ ಬೇಕೋ, ಡ್ಯಾನ್ಸೇ ಬೇಡವೋ, ಉಳಿದವರನ್ನು ಕೇಳುವ ಹಾಗೆಯೇ ಅವಳನ್ನೂ ಕೇಳಿ. ಹಿಂದಿನ ಸಾಲು ಬೇಕು ಅಂದರೆ ಹಿಂದಿನ ಸಾಲು ಕೊಡಿ. ನಿಮಗಿಂತ ಚೆನ್ನಾಗಿ ಕುಣಿಯುತ್ತಾಳೆ ಅಂತ ಗೊತ್ತಾಗಿ ಮುಂದೆಯೇ ನಿಂತಳೋ, ಆಗ ಬಾಯಿ ಮುಚ್ಚಿಕೊಂಡು ಹಿಂದೆ ಕುಣಿಯಿರಿ.