ಮಸಾಜ್ ಕೆಲಸದಲ್ಲಿ ‘ಇಲ್ಲ’ ಅನ್ನೋದು ಹೇಗೆ?

ವಿಜಯಪುರದ ಒಂದು ಮಸಾಜ್ ಸೆಂಟರ್ ಸೇರಿ ನಾಲ್ಕು ತಿಂಗಳಾಯಿತು, ಬಂದ ಗಂಡಸರು ಫೋನ್ ನಂಬರ್ ಕೇಳುತ್ತಾರೆ, ಒಬ್ಬರಂತೂ ಟವೆಲ್ ತೆಗೆದುಬಿಡಿ ಅಂದರು, ಮಾಲೀಕರಿಗೆ ಹೇಳಿದರೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊ’ ಅಂದರು, ಜಗಳ ಆಗದ ಹಾಗೆ ಇಲ್ಲ ಅನ್ನೋದು ಹೇಗೆ, ಮನೆಗೆ ಕರೆದರೆ ಹೋಗಬಹುದಾ ಅಂತ ಕೇಳಿದ್ದೀರಿ.

ನಾನು ಬೆಳಗಾವಿಯಲ್ಲಿ 14 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಈಗ ತಿಲಕವಾಡಿಯಲ್ಲಿ ಎರಡು ಕೋಣೆ ಇವೆ, ಬರೀ ಹೆಂಗಸರಿಗೆ. ಆದರೆ ಮೊದಲ ಆರು ವರ್ಷ ನಿಮ್ಮಂಥದ್ದೇ ಜಾಗದಲ್ಲಿ ಗಂಡಸರಿಗೂ ಮಾಡಿದ್ದೇನೆ.

ನನಗೆ ಇಲ್ಲ ಅನ್ನೋದನ್ನು ಕಲಿಸಿದ್ದು ಬಿಸಿ ಎಣ್ಣೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಅರವತ್ತು ದಾಟಿದ ಒಬ್ಬ ಕಾಕಾ ಬರುತ್ತಿದ್ದರು, ಸಕ್ಕರೆ ಕಾಯಿಲೆ ಇತ್ತು, ನಾನು ಕೇಳಿರಲಿಲ್ಲ. ಅಂಗಾಲಿಗೆ ಎಳ್ಳೆಣ್ಣೆ ಹಚ್ಚುವಾಗ ‘ಏನ್ ತಂಗಿ, ತಣ್ಣಗ ಐತಲ್ಲ, ಇನ್ನೂ ಬಿಸಿ ಮಾಡ’ ಅಂದರು. ಮಾಡಿದೆ. ಮತ್ತೆ ಸಾಲದು ಅಂದರು. ಮತ್ತೆ ಮಾಡಿದೆ. ಬಟ್ಟಲು ಹಿಡಿದ ನನ್ನ ಬೆರಳು ಚುರ್ ಅನ್ನುತ್ತಿತ್ತು, ಆದರೂ ಹಿರಿಯರು ಹೇಳುತ್ತಿದ್ದಾರಲ್ಲ ಅಂತ ಸುಮ್ನೆ ಹಚ್ಚಿದೆ. ಅವರ ಕಾಲಿಗೆ ಸ್ಪರ್ಶವೇ ಹೋಗಿತ್ತು, ಸುಟ್ಟಿದ್ದು ಗೊತ್ತಾಗಲಿಲ್ಲ. ಮರುದಿನ ಅಂಗಾಲಿನಲ್ಲಿ ರೂಪಾಯಿ ನಾಣ್ಯದಷ್ಟು ಬೊಬ್ಬೆ. ವಾಸಿಯಾಗಲು ಎರಡು ತಿಂಗಳು ಬೇಕಾಯಿತು. ಅವರು ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಜಾಸ್ತಿ ಚುಚ್ಚಿತು.

ಇದನ್ನು ಯಾಕೆ ಹೇಳಿದೆ ಅಂದರೆ, ಅದೇ ದಿನಗಳಲ್ಲಿ ನಾನು ಕೇಳಿದವರಿಗೆಲ್ಲ ಫೋನ್ ನಂಬರನ್ನೂ ಕೊಡುತ್ತಿದ್ದೆ. ಎಣ್ಣೆ ಬಿಸಿಯಾಯಿತು ಅಂತ ಹೇಳಲು ಬಾಯಿ ಬಾರದವಳಿಗೆ ಟವೆಲ್ ವಿಷಯಕ್ಕೆ ಬಾಯಿ ಎಲ್ಲಿಂದ ಬರಬೇಕು? ಎರಡೂ ಒಂದೇ ರೋಗ. ಹಾಗಾಗಿ ನೀವು ಅಭ್ಯಾಸ ಶುರು ಮಾಡಬೇಕಾದದ್ದು ಕೆಟ್ಟ ಗಿರಾಕಿ ಬಂದ ದಿನ ಅಲ್ಲ, ಒಳ್ಳೆಯ ಗಿರಾಕಿ ಬಂದ ದಿನ.

ಯಾರೇ ಬರಲಿ, ಕೈ ಹಚ್ಚುವ ಮುಂಚೆ ಎದುರು ಕೂರಿಸಿ ಕೇಳಿ: ಸಕ್ಕರೆ, ಬಿಪಿ ಇದೆಯಾ, ರಕ್ತ ತೆಳುವಾಗುವ ಗುಳಿಗೆ ತಗೋತೀರಾ, ಆಪರೇಷನ್ ಆಗಿದೆಯಾ, ಜ್ವರ ಇದೆಯಾ, ಚರ್ಮದ ಮೇಲೆ ಗಾಯ ಅಥವಾ ಕಜ್ಜಿ ಇದೆಯಾ, ಹೆಂಗಸರಾದರೆ ಬಸುರಿಯಾ. ಒಂದು ವಹಿಯಲ್ಲಿ ಬರೆದು ಅವರ ಸಹಿ ಹಾಕಿಸಿ. ಜ್ವರ ಇದ್ದರೆ ಆ ದಿನ ಬೇಡ. ರಕ್ತ ತೆಳುವಾಗುವ ಗುಳಿಗೆ ಇದ್ದರೆ ಗಟ್ಟಿಯಾಗಿ ಒತ್ತಬೇಡಿ, ಚರ್ಮದ ಒಳಗೇ ರಕ್ತ ಒಸರಿ ನೀಲಿಯಾಗುತ್ತದೆ.

ಒಂದು ಮಾತ್ರ ಮರೆಯಲೇಬೇಡಿ. ಒಂದೇ ಕಾಲಿನ ಮೀನಖಂಡ ಊದಿದೆ, ಮುಟ್ಟಿದರೆ ಬಿಸಿ, ನೋವು ಇದೆ ಅಂದರೆ ತಿಕ್ಕಬಾರದು. ರಕ್ತನಾಳದಲ್ಲಿ ರಕ್ತ ಗಡ್ಡೆ ಕಟ್ಟಿರಬಹುದು, ತಿಕ್ಕಿದರೆ ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು ಬರಬಹುದು. ಆಪರೇಷನ್ ಆಗಿ ದಿನಗಟ್ಟಲೆ ಹಾಸಿಗೆ ಹಿಡಿದವರಲ್ಲಿ, ರಾತ್ರಿಯೆಲ್ಲ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತು ಬಂದವರಲ್ಲಿ ಇದನ್ನು ಮೊದಲು ನೋಡಿ. ಮೊಣಕಾಲು ಆಪರೇಷನ್ ಆದ ಒಬ್ಬ ಅಕ್ಕ ‘ಬಸ್ಸಿನ್ಯಾಗ ಕುಂತು ಕಾಲು ಹಿಡ್ಕೊಂಡೈತಿ, ಜೋರ ತಿಕ್ಕರಿ’ ಅಂತ ಹಟ ಹಿಡಿದಿದ್ದರು. ನಾನು ಒಲ್ಲೆ ಅಂದು ಡಾಕ್ಟರ್ ಹತ್ತಿರ ಕಳಿಸಿದೆ. ಸ್ಕ್ಯಾನ್‌ನಲ್ಲಿ ಗಡ್ಡೆಯೇ ಸಿಕ್ಕಿತು.

ಕುತ್ತಿಗೆ ಲಟಕ್ ಅನ್ನಿಸಿ ಕೊಡಿ ಅನ್ನುವವರೂ ಬರುತ್ತಾರೆ, ಕಟಿಂಗ್ ಅಂಗಡಿಯ ರೂಢಿ ಅದು. ಮಾಡಬೇಡಿ. ಮಿದುಳಿಗೆ ಹೋಗುವ ನಾಳ ಹರಿದು ಪಾರ್ಶ್ವವಾಯು ಆದದ್ದುಂಟು.

ಈ ಪ್ರಶ್ನೆಗಳಿಗೆ ಇನ್ನೊಂದು ಲಾಭ ಇದೆ. ಬೇರೆ ಉದ್ದೇಶ ಇಟ್ಟುಕೊಂಡು ಬಂದವನಿಗೆ ವಹಿ, ಸಹಿ, ಬಿಪಿ ಗುಳಿಗೆ ಇದೆಲ್ಲ ಬೇಜಾರು. ಅರ್ಧ ಮಂದಿ ಅಲ್ಲೇ ಎದ್ದು ಹೋಗುತ್ತಾರೆ, ಪೀಡೆ ತೊಲಗಿತು ಅನ್ನಿ. ಉಳಿದವರಿಗೆ ಮುಂಚೆಯೇ ಹೇಳಿ: ಎಲ್ಲಿಂದ ಎಲ್ಲಿಯವರೆಗೆ ತಿಕ್ಕುತ್ತೇನೆ, ಎಷ್ಟು ಹೊತ್ತು, ಒಳಚಡ್ಡಿ ತೆಗೆಯುವಂತಿಲ್ಲ, ನಾನು ತಿಕ್ಕುತ್ತಿರುವ ಭಾಗ ಬಿಟ್ಟು ಉಳಿದದ್ದೆಲ್ಲ ಟವೆಲ್ ಕೆಳಗೇ ಇರುತ್ತದೆ, ನೋವಾದರೆ ಹೇಳಿ ನಿಲ್ಲಿಸುತ್ತೇನೆ. ಅವರು ಬಟ್ಟೆ ಬದಲಿಸುವಾಗ ನೀವು ಹೊರಗಿರಬೇಕು. ದುಡ್ಡು ಮೊದಲೇ ತಗೊಳ್ಳಿ, ನಡುವೆ ನಿಲ್ಲಿಸಬೇಕಾಗಿ ಬಂದರೆ ದುಡ್ಡಿನ ಮುಖ ನೋಡುತ್ತಾ ನಿಲ್ಲುವ ಹಾಗಾಗಬಾರದು.

ಇಷ್ಟಾದ ಮೇಲೂ ಒಬ್ಬ ಟವೆಲ್ ತೆಗಿ ಅಂದ ಅನ್ನಿ. ನಗಬೇಡಿ. ನಾವು ಹೆಂಗಸರು ಮುಜುಗರಕ್ಕೆ ನಗುತ್ತೇವೆ, ಅವರು ಅದನ್ನು ಒಪ್ಪಿಗೆ ಅಂದುಕೊಳ್ಳುತ್ತಾರೆ. ಎರಡೂ ಕೈ ಎತ್ತಿ, ಒಂದು ಹೆಜ್ಜೆ ಹಿಂದೆ ಸರಿದು ಹೇಳಿ: ‘ಇಲ್ಲಿ ಅದು ಇಲ್ಲ. ಇನ್ನೊಮ್ಮೆ ಅಂದರೆ ಇಲ್ಲಿಗೇ ನಿಲ್ಲಿಸುತ್ತೇನೆ.’ ಸಾರಿ ಬೇಡ, ಕಾರಣವೂ ಬೇಡ. ಕಾರಣ ಕೊಟ್ಟರೆ ಚೌಕಾಸಿ ಶುರುವಾಗುತ್ತದೆ. ಎರಡನೇ ಸಲ ಅಂದರೆ ಬಾಗಿಲು ತೆಗೆದು ಹೊರಗೆ ಬನ್ನಿ. ಕೈ ಹಾಕಿದರೆ ಮೊದಲನೇ ಸಲವೇ ಬನ್ನಿ. ಆಮೇಲೆ ವಹಿಯಲ್ಲಿ ತಾರೀಕು, ಹೊತ್ತು, ಅಂದ ಮಾತು, ಹಾಗೇ ಬರೆದಿಡಿ. ಜಗಳ ಆಗದ ಹಾಗೆ ಅಂತ ಕೇಳಿದಿರಿ, ಒಮ್ಮೊಮ್ಮೆ ಆಗುತ್ತದೆ, ಆಗಲಿ ಬಿಡಿ.

ನಿಮ್ಮ ಮಾಲೀಕರ ‘ಅಡ್ಜಸ್ಟ್’ ಮಾತು ನನಗೆ ಹಿಡಿಸಲಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಇದೆ. ನಿಮ್ಮನ್ನು ಸುರಕ್ಷಿತವಾಗಿ ಇಡುವುದು ಮಾಲೀಕರ ಹೊಣೆ, ಹೊರಗಿನಿಂದ ಬರುವವರಿಂದಲೂ. 10 ಜನಕ್ಕಿಂತ ಕಡಿಮೆ ಕೆಲಸಗಾರರಿದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ, ಘಟನೆ ಆದ 3 ತಿಂಗಳೊಳಗೆ ಬರೆದು ಕೊಡಬಹುದು. ಪೊಲೀಸರ ದಾರಿ ಬೇರೆ, ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ. ಆ ಕ್ಷಣಕ್ಕೆ 112ಕ್ಕೆ, ಸಲಹೆಗೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಆದರೆ ಒಂದು ಮಾತು, ನಿಮ್ಮ ಸೆಂಟರ್‌ಗೆ ಗಂಡಸರೇ ಜಾಸ್ತಿ ಬರುತ್ತಾರೆ, ಮಾಲೀಕರಿಗೂ ಅದೇ ಬೇಕು ಅಂದರೆ ಬೇರೆ ಕಡೆ ನೋಡಿ. ಆಯುರ್ವೇದ ಆಸ್ಪತ್ರೆಗಳ ಪಂಚಕರ್ಮ ವಿಭಾಗದಲ್ಲಿ ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಅನ್ನೋದೇ ರೂಢಿ. ವಿಜಯಪುರದಲ್ಲೂ ಆಯುರ್ವೇದ ಕಾಲೇಜು ಆಸ್ಪತ್ರೆ ಇದೆ, ಹೋಗಿ ವಿಚಾರಿಸಿ. ಸಂಬಳ ಕಡಿಮೆ ಇರಬಹುದು, ರಾತ್ರಿ ನಿದ್ದೆ ಬರುತ್ತದೆ.

ಮನೆಗೆ ಹೋಗುವ ವಿಷಯ: ಗಂಡಸರ ಮನೆಗೆ ನಾನು ಹೋಗುವುದಿಲ್ಲ, ಎಷ್ಟು ಕೊಟ್ಟರೂ. ಬಾಣಂತಿಯರಿಗೆ ಎಣ್ಣೆ ಹಚ್ಚಲು ಹೋಗುತ್ತೇನೆ, ಹೋಗುವಾಗ ವಿಳಾಸವನ್ನು ನನ್ನ ತಂಗಿಗೆ ಕಳಿಸುತ್ತೇನೆ, ಮನೆಯ ಇನ್ನೊಬ್ಬ ಹೆಂಗಸು ಅಲ್ಲೇ ಇರಬೇಕು ಅಂತ ಮೊದಲೇ ಹೇಳುತ್ತೇನೆ. ಅಲ್ಲೂ ಇಲ್ಲ ಅನ್ನುವ ಪ್ರಸಂಗ ಬರುತ್ತದೆ: ಹೊಲಿಗೆ ಹಾಕಿದ ಹೊಟ್ಟೆ ತಿಕ್ಕಿ ಅಂತಾರೆ, ಕೂಸಿನ ಮೂಗಿಗೆ ಎಣ್ಣೆ ಬಿಡಿ ಅಂತಾರೆ. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಆಯಿ ಎಷ್ಟೇ ಮುನಿಸಿಕೊಳ್ಳಲಿ, ನಾನು ಮೂಗಿಗೆ ಎಣ್ಣೆ ಬಿಡುವುದಿಲ್ಲ.

ಕೊನೆಗೆ ನಾನೂ ಒಂದು ಕೇಳುತ್ತೇನೆ. ನಿಮ್ಮ ಕೋಣೆಗೆ ಒಳಗಿನಿಂದ ಚಿಲಕ ಇದೆಯಾ? ಇದ್ದರೆ ನಾಳೆಯೇ ತೆಗೆಸಿ, ಪರದೆ ಸಾಕು. ಮಾಲೀಕರು ಬೇಡ ಅಂದರೆ ಯಾಕೆ ಬೇಡ ಅಂತ ಕೇಳಿ, ಅವರು ಏನು ಹೇಳುತ್ತಾರೆ ನೋಡಿಕೊಂಡು ಅಲ್ಲಿ ಇರಬೇಕೋ ಬಿಡಬೇಕೋ ತೀರ್ಮಾನಿಸಿ.